ಹೊಸ ರೈಫಲ್ ಸುದ್ದಿಯಾಗುತ್ತದೆ, ಹೊಸ ಲ್ಯಾಚ್ ಆಗುವುದಿಲ್ಲ

ನಮಸ್ಕಾರ್ರೀ, ಬೆಳಗಾವಿಯಿಂದ ಮಾತಾಡ್ತಾ ಇದೀನಿ.

ಸೈನ್ಯಕ್ಕೆ ಹೊಸ ರೈಫಲ್ ಬರುತ್ತೆ ಅಂದರೆ ಟಿವಿ ತುಂಬ ಅದೇ ಚರ್ಚೆ. 2019ರಲ್ಲಿ ಅಮೆರಿಕದಿಂದ 72,400 ಸಿಗ್ 716 ರೈಫಲ್ ತರಿಸುವ ಒಪ್ಪಂದ ಆದಾಗಲೂ ಹಾಗೇ ಆಯ್ತು. ಆದರೆ ಇದ್ದ ರೈಫಲ್‌ನ ಒಂದು ಲ್ಯಾಚ್, ಅಂದರೆ ಭಾಗ ಹಿಡಿದಿಡುವ ಸಣ್ಣ ಕೊಕ್ಕೆ, ಸುಧಾರಿಸಿತು ಅಂದರೆ ಯಾರೂ ತಿರುಗಿ ನೋಡಲ್ಲ. ಸೈನಿಕನ ಜೀವ ಕಾಯುವುದು ಎಷ್ಟೋ ಸಲ ಆ ಲ್ಯಾಚೇ.

ಅಮೆರಿಕ ಸೈನ್ಯದ ಎಂ16 ರೈಫಲ್ ಕಥೆ ನೋಡಿ. ವಿಯೆಟ್ನಾಂ ಕಾಡಿನ ತೇವಕ್ಕೆ ಅದರ ಚೇಂಬರ್, ಅಂದರೆ ತೋಟೆ ಕೂರುವ ಜಾಗ, ತುಕ್ಕು ಹಿಡಿಯುತ್ತಿತ್ತು. ಮದ್ದಿನ ಪುಡಿಯನ್ನೂ ಬದಲಿಸಿದ್ದರು, ಮಸಿ ಜಾಸ್ತಿ. ಗುಂಡು ಹಾರಿದ ಮೇಲೆ ಖಾಲಿ ತೋಟೆ ಒಳಗೇ ಕಚ್ಚಿಕೊಳ್ಳುತ್ತಿತ್ತು. ಎದುರಿಗೆ ಶತ್ರು, ಸೈನಿಕ ಬ್ಯಾರೆಲ್ ಬಾಯಿಂದ ರಾಡ್ ತೂರಿಸಿ ತೋಟೆಯನ್ನು ಹಿಂದಕ್ಕೆ ತಳ್ಳುತ್ತಾ ಕೂರಬೇಕು. ಯೋಚನೆ ಮಾಡಿ. ಆಮೇಲೆ ಚೇಂಬರ್‌ಗೆ ಕ್ರೋಮ್ ಲೇಪಿಸಿದರು, ಒಳಗಿನ ಹೊಡೆತ ತಡೆಯುವ ಬಫರ್ ಬದಲಿಸಿದರು. ಬ್ಯಾರೆಲ್ ತುದಿಯಲ್ಲಿ ಬೆಂಕಿಯ ಮಿಂಚು ಮರೆಮಾಡುವ ಮೂರು ಕವಲಿನ ಫ್ಲ್ಯಾಶ್ ಹೈಡರ್ ಬಳ್ಳಿಗಳಿಗೆ ಸಿಕ್ಕಿಕೊಳ್ಳುತ್ತಿತ್ತು, ಅದರ ಬಾಯಿ ಮುಚ್ಚಿದರು. ಕ್ಲೀನಿಂಗ್ ಸಾಮಾನು ಇಡೋಕೆ ಹಿಂದಿನ ಬಟ್‌ನಲ್ಲಿ ಒಂದು ಗೂಡು, ಅದಕ್ಕೊಂದು ಮುಚ್ಚಳ. ಅಷ್ಟೇ. ಬೈಸಿಕೊಂಡಿದ್ದ ಅದೇ ರೈಫಲ್ ದಶಕಗಟ್ಟಲೆ ನಡೆಯಿತು.

ಬ್ರಿಟಿಷರ ಎಲ್85 ರೈಫಲ್‌ದೂ ಇಂಥದ್ದೇ. ಮ್ಯಾಗಜಿನ್, ಅಂದರೆ ತೋಟೆ ತುಂಬಿದ ಡಬ್ಬಿ, ಬಿಡಿಸುವ ಗುಂಡಿ ಸೈನಿಕನ ಮೈಗೆ ಒತ್ತಿ ಮ್ಯಾಗಜಿನ್ ಕೆಳಗೆ ಬೀಳುತ್ತಿತ್ತು. ಗುಂಡಿಯ ಸುತ್ತ ಸಣ್ಣ ಅಂಚು ಎಬ್ಬಿಸಿದರು.

ನಮ್ಮ ದೇಶದಲ್ಲೇ ಮಾಡಿದ ಇನ್ಸಾಸ್ ರೈಫಲ್? 1999ರ ಕಾರ್ಗಿಲ್ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಬಿರುಕು ಬಿಟ್ಟವು. ಹುಡುಗರು ಗುಡ್ಡದ ತುದಿಯಲ್ಲಿ ಪ್ರಾಣ ಪಣಕ್ಕಿಟ್ಟು ನಿಂತಾಗ ಹಾಗಾಯ್ತು ಅನ್ನೋದು ಇವತ್ತಿಗೂ ನನಗೆ ಸಂಕಟ. ಬೋಲ್ಟ್, ಬ್ಯಾರೆಲ್ ಎಷ್ಟೇ ಗಟ್ಟಿ ಇರಲಿ, ಮ್ಯಾಗಜಿನ್ ಒಡೆದರೆ ಕೈಯಲ್ಲಿರುವುದು ಬರೀ ಕೋಲು.

ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೇ ಮಶೀನ್ ಶಾಪಿಗೆ ಹೋಗಿ, ಲೇತ್ ಮುಂದೆ ನಿಂತವರನ್ನು ಕೇಳಿ. ಬಿರುಕು ಎಲ್ಲಿಂದ ಶುರುವಾಗುತ್ತೆ ಅಂದರೆ ಒಳಮೂಲೆ ತೋರಿಸುತ್ತಾರೆ. ಮೂಲೆ ಚೂಪಾಗಿದ್ದರೆ ಹೊಡೆತವೆಲ್ಲಾ ಅಲ್ಲೇ ಬೀಳುತ್ತೆ. ಅರ್ಧ ಮಿಲಿಮೀಟರ್ ರೇಡಿಯಸ್ ಕೊಟ್ಟು ಮೂಲೆ ದುಂಡು ಮಾಡಿದರೂ ಹೊಡೆತ ಹಂಚಿಹೋಗುತ್ತೆ, ಅದೇ ಲೋಹ ಜಾಸ್ತಿ ದಿನ ಬಾಳುತ್ತೆ. ಟೂಲ್ ತುದಿಯ ದುಂಡು ಬದಲಿಸಿದರೆ ಎಷ್ಟೋ ಕಡೆ ಕೆಲಸ ಮುಗೀತು. ಡ್ರಾಯಿಂಗ್‌ನಲ್ಲಿ ಅದು ಒಂದು ಪುಟ್ಟ ಅಕ್ಷರ, ಒಂದು ಅಂಕಿ. ಅದನ್ನು ಬರೆದ ಇಂಜಿನಿಯರ್‌ಗೆ ಯಾರೂ ಶಾಲು ಹೊದಿಸಲ್ಲ. ಹೊದಿಸಬೇಕು ಅಂತೀನಿ.

ಸಣ್ಣ ಬದಲಾವಣೆ ಅಂದರೆ ಸುಮ್ನೆ ಬದಲಿಸೋದಲ್ಲ. ಹೊಸ ಭಾಗ ಹಳೆ ರೈಫಲ್‌ಗೂ ಕೂರಬೇಕು, ಮರಳಲ್ಲಿ, ಮಂಜಲ್ಲಿ, ಕೆಸರಲ್ಲಿ ಪಾಸಾಗಬೇಕು. ಅದಕ್ಕೆ ಸಮಯ ಬೇಕು, ದುಡ್ಡೂ ಬೇಕು. ಆದರೂ ಹೊಸ ರೈಫಲ್ ಖರೀದಿಯ ಮುಂದೆ ಅದು ಯಾವ ಲೆಕ್ಕ?

ನಮ್ಮೂರಲ್ಲೇ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ. ನಮ್ಮೂರಲ್ಲೇ ಫೌಂಡ್ರಿ, ಮಶೀನ್ ಶಾಪ್ ಇವೆ. ರೈಫಲ್ ಹೊತ್ತವನಿಗೆ ಯಾವುದು ಕಚ್ಚುತ್ತೆ, ಯಾವುದು ಜಾರುತ್ತೆ ಗೊತ್ತು. ಲೋಹ ಕೊರೆಯುವವನಿಗೆ ಅದನ್ನು ಸರಿಮಾಡೋದು ಗೊತ್ತು. ಗುಟ್ಟಿನ ವಿಷಯ ಗುಟ್ಟಾಗೇ ಇರಲಿ, ತಕರಾರಿಲ್ಲ. ಆದರೆ ಒಂದು ಭಾಗದ ಮೇಲೆ ಸೈನಿಕ ಬರೆದ ದೂರು, ಆ ಭಾಗ ಮಾಡುವ ಶಾಪಿನ ಟೇಬಲ್‌ವರೆಗೂ ಬರಬೇಕು. ಸರಕಾರಕ್ಕೆ ನಾನು ಕೇಳೋದು ಇದೊಂದೇ.