ಹರ್ಡಲ್ಸ್ ಎಂದರೆ ಓಟ

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಶಾಲಾ ಕ್ರೀಡಾಕೂಟಗಳಿಗೆ ಹೋದಾಗಲೆಲ್ಲ ಹರ್ಡಲ್ಸ್, ಎಂದರೆ ಅಡ್ಡಲಾಗಿ ಇಟ್ಟ ತಡೆಗಳನ್ನು ದಾಟುವ ಸ್ಪರ್ಧೆ, ಶುರುವಾದೊಡನೆ ಕಿವಿಗೆ ಬೀಳುವ ಕೂಗು ಒಂದೇ: ‘ಹಾರು, ಹಾರು!’ ಅಪ್ಪಂದಿರು ಕೂಗುತ್ತಾರೆ. ಕಲಿಸಿದ ಮೇಷ್ಟ್ರುಗಳೂ ಕೂಗುತ್ತಾರೆ. ದಯವಿಟ್ಟು ಹಾಗೆ ಕೂಗಬೇಡಿ. ಹರ್ಡಲ್ಸ್ ಹಾರುವ ಸ್ಪರ್ಧೆಯಲ್ಲ, ಓಡುವ ಸ್ಪರ್ಧೆ. ಇವತ್ತು ನಾನು ಬಂದಿರುವುದು ಈ ಒಂದು ಮಾತು ಹೇಳುವುದಕ್ಕೆ.

ಮಹಿಳೆಯರ 100 ಮೀಟರ್ ಹರ್ಡಲ್ಸ್ ತೆಗೆದುಕೊಳ್ಳಿ. ದಾರಿಯಲ್ಲಿ ಹತ್ತು ಹರ್ಡಲ್‌ಗಳು, ಒಂದೊಂದೂ ಅಡುಗೆಮನೆಯ ಕಟ್ಟೆಯಷ್ಟು ಎತ್ತರ. ಮೊದಲನೆಯದಕ್ಕೆ 13 ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ 8.5 ಮೀಟರ್. ನಡುವೆ ಮೂರೇ ಹೆಜ್ಜೆ. ನಾಲ್ಕಾಯಿತೋ, ಮುಂದಿನ ಹರ್ಡಲ್‌ಗೆ ತಪ್ಪು ಕಾಲು ಬಂತು. ಕಾಲು ತಗುಲಿ ಹರ್ಡಲ್ ಉರುಳಿದರೂ ಓಟ ಮುಗಿಯುವುದಿಲ್ಲ, ಬೇಕೆಂದೇ ಬೀಳಿಸಬಾರದು ಅಷ್ಟೆ. ತಾಳ ತಪ್ಪಿದರೆ ಮಾತ್ರ ಮುಗಿಯಿತು.

ಆಲೂರು ಕಡೆಯ ಒಬ್ಬ ಹುಡುಗಿ ನನ್ನ ಬಳಿ ಬರುತ್ತಿದ್ದಳು, ಒಂಬತ್ತನೇ ತರಗತಿ. ಬರೀ ಓಟಕ್ಕೆ ಬಿಟ್ಟರೆ ಅವಳನ್ನು ಹಿಡಿಯುವವರಿಲ್ಲ. ಹರ್ಡಲ್ ಇಟ್ಟರೆ ಕೊನೆಯವಳು. ಕಾರಣ ನನಗೂ ಬೇಗ ಹೊಳೆಯಲಿಲ್ಲ. ಒಂದು ರಾತ್ರಿ ಮಳೆ ಸುರಿದು ಬೆಳಿಗ್ಗೆ ಮೈದಾನದ ಕೆಮ್ಮಣ್ಣು ಮೆತ್ತಗಾಗಿತ್ತು. ಅವಳು ಓಡಿದಳು. ನಾನು ಹಿಂದೆಯೇ ಹೋಗಿ ಮಂಡಿಯೂರಿ ಹೆಜ್ಜೆ ಗುರುತುಗಳನ್ನು ನೋಡಿದೆ. ಹರ್ಡಲ್‌ಗೆ ಮೊದಲಿನ ಗುರುತಿನಲ್ಲಿ ಹಿಮ್ಮಡಿ ಮಣ್ಣಿನೊಳಗೆ ಇಳಿದು ನೀರು ತುಂಬಿಕೊಂಡಿತ್ತು. ಎಂದರೆ ಅಲ್ಲಿ ಅವಳು ಓಟವನ್ನೇ ನಿಲ್ಲಿಸಿ ನೆಗೆಯುತ್ತಿದ್ದಳು. ಟೇಪು ಹಿಡಿದರೆ ಹರ್ಡಲ್‌ಗೆ ಒಂದೂಕಾಲು ಮೀಟರ್ ಕೂಡ ಇರಲಿಲ್ಲ. ಪಳಗಿದವರು ಸುಮಾರು ಎರಡು ಮೀಟರ್ ಹಿಂದಿನಿಂದಲೇ ಕಾಲೆತ್ತಿ, ದಾಟಿ ಒಂದು ಮೀಟರಿನಾಚೆ ನೆಲ ಮುಟ್ಟುತ್ತಾರೆ. ಹತ್ತಿರ ಬಂದು ಎತ್ತಿದರೆ ಮೇಲಕ್ಕೇ ಹೋಗಬೇಕು, ಬೇರೆ ದಾರಿಯಿಲ್ಲ.

ಹಿಂದಕ್ಕೆ ಒಂದು ಸುಣ್ಣದ ಗೆರೆ ಎಳೆದು, ‘ಇದನ್ನು ತುಳಿ, ಹರ್ಡಲ್ ಕಡೆ ನೋಡಬೇಡ’ ಎಂದೆ. ‘ಇಷ್ಟು ದೂರದಿಂದ ಆಗುವುದಿಲ್ಲ ಸರ್, ಬಿದ್ದುಹೋಗುತ್ತೇನೆ’ ಎಂದು ಅತ್ತಳು. ಹರ್ಡಲ್‌ಗಳನ್ನೇ ತೆಗೆದುಹಾಕಿದೆ. ಎರಡು ಇಟ್ಟಿಗೆಗಳ ಮೇಲೆ ಬಿದಿರಿನ ಗಳ ಇಟ್ಟೆ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಇಟ್ಟಿಗೆ ಏರಿಸಿದೆ. ಗೆರೆ ಮಾತ್ರ ಅಲ್ಲೇ. ತಿಂಗಳಾದ ಮೇಲೆ ಒಂದು ದಿನ ಅವಳ ತಾಯಿ ಹುಲ್ಲಿನ ಹೊರೆ ಇಳಿಸಿ ಬೇಲಿಯ ಬಳಿ ನಿಂತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಬೇಸರದಿಂದ, ‘ಇದೇನು ಮೇಷ್ಟ್ರೇ, ಇವಳು ಹಾರುವುದೇ ಇಲ್ಲವಲ್ಲ, ಸುಮ್ಮನೆ ಓಡಿಕೊಂಡು ಹೋಗುತ್ತಾಳೆ’ ಎಂದರು. ನಾನು ಅವರಿಗೆ ಕೈಮುಗಿದೆ. ಮೂವತ್ತು ದಿನ ನಾನು ಕಾದಿದ್ದು ಆ ಮಾತಿಗೇ.

ಸಮಯ ಓಡುತ್ತಿದೆ, ಜ್ಯೋತಿ ಯರ್ರಾಜಿಯ ವಿಷಯ ಹೇಳಲೇಬೇಕು. 100 ಮೀಟರ್ ಹರ್ಡಲ್ಸ್ ಓಡುವ ವಿಶಾಖಪಟ್ಟಣದ ಹುಡುಗಿ, ತಂದೆ ಭದ್ರತಾ ಕಾವಲುಗಾರ. 2020ರ ಜನವರಿಯಲ್ಲಿ, ನಮ್ಮ ಘಟ್ಟದ ಕೆಳಗಿನ ಮೂಡುಬಿದಿರೆಯಲ್ಲೇ 13.03 ಸೆಕೆಂಡಿನಲ್ಲಿ ಓಡಿದರು. ನಿಯಮದ ಪ್ರಕ್ರಿಯೆಗಳು ಪೂರ್ಣವಾಗದೆ ಅದು ರಾಷ್ಟ್ರೀಯ ದಾಖಲೆಯಾಗಲಿಲ್ಲ. 2022ರಲ್ಲಿ ಕೋಯಿಕ್ಕೋಡಿನಲ್ಲಿ 13.09. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ದಾಖಲೆಗೆ ಮಿತಿ 2. ಮತ್ತೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸೈಪ್ರಸ್‌ನಲ್ಲಿ 13.23 ಓಡಿ, ಅನುರಾಧಾ ಬಿಸ್ವಾಲ್ ಅವರ ಇಪ್ಪತ್ತು ವರ್ಷದ ಹಿಂದಿನ 13.38ರ ದಾಖಲೆಯನ್ನು ಮುರಿದರು. 2023ರಲ್ಲಿ ಏಷ್ಯನ್ ಚಾಂಪಿಯನ್, ಅದೇ ವರ್ಷ ಚೆಂಗ್ಡುವಿನಲ್ಲಿ 12.78. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್. ಹರ್ಡಲರ್ ಒಬ್ಬಳ ಬದುಕು ಇಷ್ಟು ನಿಧಾನ. ಹತ್ತನೇ ತರಗತಿ ಬಂತೆಂದು ಮೈದಾನ ಬಿಡಿಸುವ ತಂದೆತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು.

ಹುಡುಗರಿಗೆ 110 ಮೀಟರ್. ದೊಡ್ಡವರ ಹರ್ಡಲ್ 106.7 ಸೆಂಟಿಮೀಟರ್, ನಡುವಿನ ಅಂತರ 9.14 ಮೀಟರ್, ಹೆಜ್ಜೆ ಅವೇ ಮೂರು. ನಮ್ಮ ದೇಶದ ಗುರ್ಬಚನ್ ಸಿಂಗ್ ರಂಧಾವಾ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಐದನೆಯವರಾಗಿ ಬಂದದ್ದು ಇದೇ ಓಟದಲ್ಲಿ.

ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಮೊದಲ ದಿನವೇ ಪೂರ್ತಿ ಎತ್ತರಕ್ಕೆ ಇಡಬೇಡಿ. ಎತ್ತರ ಇಳಿಸಿ, ಅಂತರವನ್ನೂ ಇಳಿಸಿ, ಮಗುವಿಗೆ ಮೂರು ಹೆಜ್ಜೆ ಸಲೀಸಾಗಿ ಸಿಗಲಿ. ಅನುಮಾನ ಬಂದರೆ ನೆಲಕ್ಕೆ ನೀರು ಚಿಮುಕಿಸಿ ಓಡಿಸಿ, ಹಿಮ್ಮಡಿಯ ಗುರುತು ನೋಡಿ. ಬೆಳಿಗ್ಗೆ ಆರಕ್ಕೆ ನಾನು ಜಿಲ್ಲಾ ಕ್ರೀಡಾಂಗಣದಲ್ಲಿ ಇರುತ್ತೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಟೇಪು ಮತ್ತು ಸುಣ್ಣ ನನ್ನ ಹತ್ತಿರ ಇವೆ. ನಮಸ್ಕಾರ.