ಕಿರೀಟ ಕರಗಿತು, ಚಮಚ ಉಳಿಯಿತು

2023ರ ಮೇ 6. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೇ ಚಾರ್ಲ್ಸ್‌ಗೆ ಪಟ್ಟ ಕಟ್ಟಿದ ದಿನ. ನೀವೂ ಟಿವಿಯಲ್ಲೋ ಮೊಬೈಲ್‌ನಲ್ಲೋ ನೋಡಿರಬಹುದು. ಆದರೆ ಒಂದು ಗಳಿಗೆ ಮಾತ್ರ ಯಾರಿಗೂ ತೋರಿಸಲಿಲ್ಲ. ರಾಜನ ಮೈಮೇಲಿದ್ದ ಭಾರದ ನಿಲುವಂಗಿ ತೆಗೆದರು. ಉಳಿದದ್ದು ಒಂದು ಬಿಳಿ ಅಂಗಿ. ಮೂರು ಕಡೆ ಪರದೆ ಹಿಡಿದರು. ಒಳಗೆ ಇಂಗ್ಲೆಂಡಿನ ಚರ್ಚಿನ ಹಿರಿಯ ಗುರು ಆರ್ಚ್‌ಬಿಷಪ್ ಚಮಚಕ್ಕೆ ಎಣ್ಣೆ ಬಗ್ಗಿಸಿಕೊಂಡು ಕೈಗೆ, ಎದೆಗೆ, ತಲೆಗೆ ಹಚ್ಚಿದರು. ಕಿರೀಟ ಇಟ್ಟಿದ್ದನ್ನು ಎಲ್ಲರೂ ನೋಡಿದೆವು. ಇದನ್ನು ನೋಡುವ ಹಾಗಿರಲಿಲ್ಲ. ಯಾಕೆಂದರೆ ಇದು ದೇವರಿಗೂ ರಾಜನಿಗೂ ಮಾತ್ರ ಸೇರಿದ್ದಂತೆ.

ಆ ಚಮಚದ ಕತೆ ಕೇಳಿ. ಅದು 12ನೇ ಶತಮಾನದ್ದು. 1649ರಲ್ಲಿ, ಸಂಸತ್ತಿನ ಎದುರು ಯುದ್ಧದಲ್ಲಿ ಸೋತ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್‌ನನ್ನು ವಿಚಾರಣೆಗೆ ನಿಲ್ಲಿಸಿದಾಗ ಆತ ಟೋಪಿ ಕೂಡ ತೆಗೆಯಲಿಲ್ಲ. ಯಾವ ಅಧಿಕಾರದ ಮೇಲೆ ನನ್ನನ್ನು ಇಲ್ಲಿಗೆ ಕರೆತಂದಿರಿ ಎಂದು ಕೇಳಿದ. ದೇವರು ಕೊಟ್ಟ ಪಟ್ಟ, ಅದನ್ನು ವಿಚಾರಿಸಲು ಮನುಷ್ಯರು ಯಾರು ಅನ್ನುವುದು ಅವನ ನಂಬಿಕೆ. ತಲೆ ಕಡಿದರು. ಕಿರೀಟ ಕರಗಿಸಿದರು. ಚಮಚವನ್ನು ಅರಮನೆಯ ನೌಕರನೊಬ್ಬ 16 ಶಿಲ್ಲಿಂಗ್‌ಗೆ ಕೊಂಡುಕೊಂಡ. 1660ರಲ್ಲಿ ರಾಜಮನೆತನ ವಾಪಸ್ ಬಂತು. ಚಮಚವೂ ವಾಪಸ್ ಬಂತು.

ಅದೆಲ್ಲ ಸುಮ್ನೆ ಶಾಸ್ತ್ರ, ಬಿಡಿ ಅನ್ನಬಹುದು. ನನಗೆ ಹಾಗೆ ಬಿಡಲು ಆಗುವುದಿಲ್ಲ. ಬ್ರಿಟನ್ನಿನ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಇವತ್ತಿಗೂ ಚರ್ಚಿನ ಗುರುಗಳಾದ 26 ಬಿಷಪ್‌ಗಳಿಗೆ ಸೀಟಿದೆ. ಅವರನ್ನು ಜನ ಆರಿಸಿದ್ದಲ್ಲ, ಆದರೂ ಮಸೂದೆಗಳ ಮೇಲೆ ಮತ ಹಾಕುತ್ತಾರೆ.

ಥಾಯ್ಲೆಂಡ್ ನೋಡಿ. ರಾಜನ ಮುಂದೆ ನೆಲಕ್ಕೆ ಬೀಳುವ ಪದ್ಧತಿ ಸಾಕು, ಎದ್ದು ನಿಲ್ಲಿ ಅಂತ 1873ರಲ್ಲಿ ಸ್ವತಃ ರಾಜ ಚುಲಲಾಂಗ್‌ಕಾರ್ನ್ ಆಜ್ಞೆ ಮಾಡಿದ. 20ನೇ ಶತಮಾನದಲ್ಲಿ ಜನ ಮತ್ತೆ ನೆಲಕ್ಕೆ ಬಾಗಿದರು. ಅಲ್ಲಿ ರಾಜನನ್ನು ಅವಮಾನಿಸಿದರೆ ಒಂದೊಂದು ಅಪರಾಧಕ್ಕೂ 3ರಿಂದ 15 ವರ್ಷ ಜೈಲು.

ರಾಜರನ್ನೂ ದೇವರನ್ನೂ ಬೇಡ ಅಂದವರು ಏನು ಮಾಡಿದರು? 1924ರಲ್ಲಿ ರಷ್ಯಾದ ಕ್ರಾಂತಿಯ ನಾಯಕ ಲೆನಿನ್ ತೀರಿಕೊಂಡಾಗ ದೇಹ ಕೆಡದಂತೆ ಕಾಪಾಡಿ, ಜನ ಸಾಲುಗಟ್ಟಿ ಬಂದು ನೋಡುವ ಹಾಗೆ ಇಟ್ಟರು. ಅದು ಗುಡಿಯೇ ಅಲ್ವಾ?

ನಂಬಿಕೆಯ ಮೇಲೆ ನನ್ನ ತಕರಾರಿಲ್ಲ. ಯಾರು ಯಾವ ದೇವರಿಗೆ ಬೇಕಾದರೂ ಕೈ ಮುಗಿಯಲಿ. ನನಗೆ ನೋವಾಗುವುದು ಬೇರೆ ಕಡೆ. ಅಧಿಕಾರ ಮೇಲಿನಿಂದ ಇಳಿಯುತ್ತಿದ್ದ ಕಾಲದಲ್ಲಿ ಪ್ರಶ್ನೆ ಕೇಳಿದರೆ ಪಾಪ. ಈಗ ಅಧಿಕಾರ ಕೊಡುವವರು ನಾವೇ. ಆದರೂ ನಮ್ಮ ವೋಟಿನಿಂದ ಗೆದ್ದವರಿಗೆ ಲೆಕ್ಕ ಕೇಳಿ ನೋಡಿ. ಅವರು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ನಿಂತವನು ಗದರಿಸುತ್ತಾನೆ: "ಅವರನ್ನೇ ಕೇಳ್ತೀಯಾ?"

ಅವನೂ ವೋಟು ಹಾಕಿದವನೇ.