ಸಾಲಿನ ಮೇಲೆ ಇಟ್ಟ ಬೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಭಾನುವಾರ ಆರಾಧನೆ ಆಗಲೇ ಶುರುವಾಗಿತ್ತು. ಸಭೆಯೆಲ್ಲ ಎದ್ದು ನಿಂತು ಹಾಡುತ್ತಿತ್ತು. ಹೆಂಗಸೊಬ್ಬರು ತಡವಾಗಿ ಬಂದು ಕೊನೆಯ ಬೆಂಚಿನ ತುದಿಯಲ್ಲಿ ನಿಂತರು. ಕೈಗೆ ಕೀರ್ತನೆ ಪುಸ್ತಕವೇನೋ ಸಿಕ್ಕಿತು, ಯಾವ ಪುಟವೆಂದು ತಿಳಿಯಲಿಲ್ಲ. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಗುಚಿ ನೋಡಿದರು. ಕೊನೆಗೆ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡರು. ಪಕ್ಕದಲ್ಲಿದ್ದ ಅಜ್ಜಿ ಹಾಡು ನಿಲ್ಲಿಸಲಿಲ್ಲ. ಒಂದಿಷ್ಟು ಸರಿದು, ತಮ್ಮ ಪುಸ್ತಕವನ್ನು ಇಬ್ಬರ ನಡುವೆ ಹಿಡಿದು, ಹಾಡುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟರು. ಹೆಸರು ಕೇಳಲಿಲ್ಲ, ಯಾರ ಪೈಕಿ ಎಂದು ವಿಚಾರಿಸಲಿಲ್ಲ. ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಸಾಗಿತು.

ಆ ದಿನದ ಪ್ರಸಂಗ ನನಗೆ ಮರೆತುಹೋಗಿದೆ. ಆ ಬೆರಳು ಮರೆತಿಲ್ಲ.

ನಿಜವಾದ ಆರಾಧನೆಯ ಬಗ್ಗೆ ಯೇಸುಸ್ವಾಮಿ ಆಡಿದ ಬಹು ದೊಡ್ಡ ಮಾತು ದೇವಾಲಯದೊಳಗೆ ಆಡಿದ್ದಲ್ಲ, ಬಾವಿಯ ಬಳಿ ಆಡಿದ್ದು. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ನಡುಹಗಲಿನಲ್ಲಿ ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬಂದಿದ್ದಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇರಲಿಲ್ಲ. ಆಕೆಗೆ ಐವರು ಗಂಡಂದಿರಿದ್ದರು. ಈಗ ಜೊತೆಗಿದ್ದವನು ಗಂಡನಲ್ಲ. ಇದೆಲ್ಲ ತಿಳಿದಿದ್ದೂ ಪ್ರಭು ಆಕೆಯ ಬಳಿಯೇ ನೀರು ಕೇಳಿದರು. ಆಕೆಯ ಬದುಕಿನ ನಿಜವನ್ನು ಆಕೆಯ ಎದುರಿಗೇ ಹೇಳಿದರು, ಹೀಯಾಳಿಸದೆ ಹೇಳಿದರು. ಆಗ ಆಕೆ ಕೇಳುತ್ತಾಳೆ: ಆರಾಧನೆಗೆ ತಕ್ಕ ಸ್ಥಳ ನಮ್ಮವರು ಆರಾಧಿಸುವ ಈ ಬೆಟ್ಟವೋ, ಯೆಹೂದ್ಯರು ಹೇಳುವ ಯೆರೂಸಲೇಮೋ? ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ, ತಂದೆಯನ್ನು ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವ ಕಾಲ ಬಂದಿದೆ ಎಂದರು ಪ್ರಭು.

ಈ ‘ಸತ್ಯ’ ಎಂಬ ಮಾತಿಗೆ ಪಂಡಿತರು ಆಳವಾದ ಅರ್ಥಗಳನ್ನು ಹೇಳಿದ್ದಾರೆ. ನನಗೆ ಅದರಲ್ಲಿ ಕೇಳಿಸುವುದು ಇಷ್ಟೇ: ಏನನ್ನೂ ಮುಚ್ಚಿಡದೆ, ಇದ್ದ ಹಾಗೆಯೇ ದೇವರ ಮುಂದೆ ಬಂದು ನಿಲ್ಲುವುದು. ಆದರೆ ಅಡಿಯಿಂದ ಮುಡಿಯವರೆಗೆ ಅಳೆಯುವ ಕಣ್ಣುಗಳ ನಡುವೆ ಹಾಗೆ ನಿಲ್ಲಲು ಯಾರಿಗೆ ಧೈರ್ಯ ಬಂದೀತು? ಅಲ್ಲಿಗೆ ನಾವು ಒಳ್ಳೆಯ ಬಟ್ಟೆಯನ್ನೂ ಒಳ್ಳೆಯ ಮುಖವನ್ನೂ ಹೊತ್ತು ಹೋಗುತ್ತೇವೆ. ದುಃಖವನ್ನೂ ಪಾಪವನ್ನೂ ಮನೆಯಲ್ಲಿ ಬಿಟ್ಟು ಹೋಗುತ್ತೇವೆ. ಆದ್ದರಿಂದಲೇ, ಬಂದವರನ್ನು ಬರಮಾಡಿಕೊಳ್ಳುವುದನ್ನು ಬಾಗಿಲಲ್ಲಿ ನಿಂತವರ ಕೆಲಸವೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಅದೂ ಆರಾಧನೆಯೇ.

ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯವರು ಕರ್ತನ ಭೋಜನಕ್ಕೆಂದು, ಅಂದರೆ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟಕ್ಕೆಂದು ಸೇರುತ್ತಿದ್ದರು. ಒಬ್ಬನು ಹಸಿದಿರುತ್ತಿದ್ದನು, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಅಪೊಸ್ತಲನಾದ ಪೌಲನು ಅವರಿಗೆ ಬರೆದನು. ರೊಟ್ಟಿ ಇತ್ತು, ದ್ರಾಕ್ಷಾರಸ ಇತ್ತು, ಪಕ್ಕದವನ ಹಸಿವು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

3ನೆಯ ಶತಮಾನದಲ್ಲಿ ಸಿರಿಯಾದ ಸಭೆಗಳಿಗಾಗಿ ರಚಿತವಾದ ಒಂದು ನಿಯಮಗ್ರಂಥವಿದೆ. ಆರಾಧನೆ ನಡೆಯುವಾಗ ಬಡವರೊಬ್ಬರು ಬಂದು ಕೂರಲು ಜಾಗವಿಲ್ಲದಿದ್ದರೆ ಏನು ಮಾಡಬೇಕು? ಬಿಷಪರೇ ಮನಃಪೂರ್ವಕವಾಗಿ ಜಾಗ ಮಾಡಿಕೊಡಬೇಕು, ತಾವು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ, ಎನ್ನುತ್ತದೆ ಅದು. ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಕಣ್ಣು ಮುಚ್ಚಿ ಭಕ್ತಿಯಿಂದ ಪ್ರಾರ್ಥಿಸುತ್ತಿದ್ದಾಗ, ಪಕ್ಕದ ಜಾಗದಲ್ಲಿ ನನ್ನ ಚೀಲ ಕುಳಿತಿದ್ದ ಭಾನುವಾರಗಳು ನೆನಪಾದವು.

ಇನ್ನೊಂದು ಮಾತು. ಹೊಸಬರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಪರಿಚಯ ಕೇಳುವುದನ್ನು ಕೆಲವರು ಸ್ವಾಗತವೆಂದುಕೊಂಡಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಕೊನೆಯ ಬೆಂಚಿಗೆ ಅಳುವುದಕ್ಕೆಂದೇ ಬಂದು ಕೂರುವವರಿರುತ್ತಾರೆ. ಅವರಿಗೆ ಮೈಕ್ ಕೊಡಬೇಡಿ, ದಯವಿಟ್ಟು. ಪಕ್ಕದಲ್ಲಿ ಒಬ್ಬರು ಕುಳಿತರೆ ಸಾಕು.

ಸಮಾರ್ಯದ ಆ ಹೆಂಗಸು ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಊರಿಗೆ ಓಡಿದಳು. ನಾನು ಮಾಡಿದ್ದನ್ನೆಲ್ಲ ಹೇಳಿದವರನ್ನು ಬಂದು ನೋಡಿ ಎಂದು ಜನರನ್ನು ಕರೆದಳು. ಜನ ಬಂದರು. ನಮ್ಮಲ್ಲೇ ಇರಿ ಎಂದು ಪ್ರಭುವನ್ನು ಬೇಡಿಕೊಂಡರು. ಪ್ರಭು ಎರಡು ದಿನ ಅಲ್ಲೇ ಉಳಿದರು.